ಅಘನಾಶಿನಿ ದಂಡೆಯಲ್ಲಿ 400 ಜನರ ಮೀನೂಟದ ಮೇಳ, ಉಳಿದ ಹಣ ಮಕ್ಕಳ ಕಾಂಡ್ಲ (ಮ್ಯಾಂಗ್ರೋವ್) ಪಾಠಕ್ಕೆ: ಲೆಕ್ಕ ಹೇಗೆ ಹಾಕೋದು?

ಪ್ರಶ್ನೆ: ಹೊಳೆಸಾಲು

ಕುಮಟಾ ಕಡೆಯ ಹೊಳೆದಂಡೆಯಲ್ಲಿ ಫೆಬ್ರವರಿ 2ರ (ಜಾಗತಿಕ ಜೌಗುಭೂಮಿ ದಿನ) ಹತ್ತಿರದ ಶನಿವಾರ ಸಂಜೆ 4ರಿಂದ 9ರವರೆಗೆ ಮೀನಡುಗೆ ಮೇಳ ಮಾಡುವ ತಯಾರಿ ನಡೆದಿದೆ. ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ (ಜಾಗತಿಕ ಮಹತ್ವದ ಜೌಗುಭೂಮಿಗಳ ಪಟ್ಟಿ) ಸೇರಿದ್ದು 2024ರ ಜನವರಿ ಕೊನೆಯಲ್ಲಿ ಪ್ರಕಟವಾಯಿತು, 4,801 ಹೆಕ್ಟೇರ್. ಆದರೆ ದಂಡೆಯ ಶಾಲೆಗಳ ಮಕ್ಕಳಲ್ಲೇ ಎಷ್ಟೋ ಮಂದಿ ಕಾಂಡ್ಲದ ಒಳಗೆ ಕಾಲಿಟ್ಟಿಲ್ಲ. ಮೇಳದಲ್ಲಿ ಉಳಿಯುವ ಹಣದಲ್ಲಿ ಏಳೆಂಟು ಶಾಲೆಗಳಿಗೆ ದೋಣಿ ಸುತ್ತಾಟ ಮತ್ತು ಪ್ರಯೋಗದ ಸಾಮಾನು ಒದಗಿಸಬೇಕು ಅನ್ನೋದು ಗುರಿ.

400 ಊಟದ ಅಂದಾಜಿದೆ. ಈಗ ಬರೆದಿಟ್ಟ ಪಟ್ಟಿ: ಬಂಗಡೆ ಫ್ರೈ, ಇಸ್ವಾಣ (ಅಂಜಲ್) ಫ್ರೈ, ನೊಗ್ಲಿ (ಕಾಣೆ) ರವಾ ಫ್ರೈ, ತಾರ್ಲೆ (ಬೂತಾಯಿ) ಅಂಬಟ್, ಶೆಟ್ಲಿ (ಸಿಗಡಿ) ಸುಕ್ಕ, ಶೆಟ್ಲಿ ಬಿರಿಯಾನಿ, ಏಡಿ ಸಾರು, ಬಳಚು (ಹೊಳೆಯ ಚಿಪ್ಪುಮೀನು) ಸುಕ್ಕ, ನೀಲಿಕಲ್ಲು (ಮಸೆಲ್ ಚಿಪ್ಪು) ಫ್ರೈ, ಕಗ್ಗದ (ಉಪ್ಪುನೀರಿನ ಗದ್ದೆಯ ಭತ್ತ) ಅನ್ನ, ಕೋಕಂ ಕಡಿ.

ಕೇಳಬೇಕಾದ್ದು ಇಷ್ಟು. ಮೀನು ಎಷ್ಟು ಕಿಲೋ ತರಬೇಕು, ಐಸ್ ಎಷ್ಟು? ಬಳಚಿನ ಹೊಯ್ಗೆ (ಮರಳು) ಬಿಡಿಸೋದು ಹೇಗೆ? ದಂಡೆಯಲ್ಲಿ ಒಲೆ ಎಲ್ಲಿಡಬೇಕು, ಕಸ ಏನು ಮಾಡಬೇಕು? ಕೊನೆಗೆ ನಿಜವಾಗಿಯೂ ಹಣ ಉಳಿಯುತ್ತದೆಯೇ?

ಉತ್ತರ 1: ದೊಡ್ಡಬಾಣಲೆ

ಮೊದಲು ಪಟ್ಟಿ ಕತ್ತರಿಸಿ. ಹನ್ನೊಂದು ಬಗೆ ಇಟ್ಟರೆ ಒಲೆ ಹನ್ನೊಂದು, ಕಾಯಲು ನಿಲ್ಲುವ ಸಾಲು ಹನ್ನೊಂದು, ಕೊನೆಗೆ ಉಳಿದು ಹಾಳಾಗುವ ಪಾತ್ರೆಯೂ ಹನ್ನೊಂದು. ಬಂಗಡೆ ಫ್ರೈ, ತಾರ್ಲೆ ಅಂಬಟ್, ಶೆಟ್ಲಿ ಸುಕ್ಕ, ಕಗ್ಗದ ಅನ್ನ, ಕೋಕಂ ಕಡಿ ಸಾಕು. ಇಸ್ವಾಣ ಬಿಟ್ಟರೆ ಮೀನಿನ ಖರ್ಚು ಸಾಕಷ್ಟು ಇಳಿಯುತ್ತದೆ. ಬಿರಿಯಾನಿ ಬೇಡವೇ ಬೇಡ, ಹೊಳೆದಂಡೆಗೆ ಬಂದವರು ಬಿರಿಯಾನಿ ಹುಡುಕಿಕೊಂಡು ಬರೋದಿಲ್ಲ.

ಬಂಗಡೆ ಕಿಲೋಗೆ 9–10 ತೂಗುವಂಥದ್ದು ತಗೊಳ್ಳಿ. ಒಬ್ಬರಿಗೆ ಒಂದರಂತೆ 45 ಕಿಲೋ. ತಲೆ, ಹೊಟ್ಟೆ ತೆಗೆದ ಮೇಲೆ 30 ಕಿಲೋದ ಆಸುಪಾಸು ಉಳಿಯುತ್ತದೆ. ತಾರ್ಲೆ ಕಿಲೋಗೆ 20–25 ಬರುತ್ತದೆ, ಒಬ್ಬರಿಗೆ ಎರಡು ಅಂದರೆ 36–40 ಕಿಲೋ. ಶೆಟ್ಲಿಯಲ್ಲಿ ತಲೆ-ಸಿಪ್ಪೆ ಹೋದರೆ ಅರ್ಧವೇ ಮಾಂಸ. ಒಬ್ಬರಿಗೆ 40 ಗ್ರಾಂ ಹಿಡಿದರೂ 16 ಕಿಲೋ ಸುಲಿದದ್ದು ಬೇಕು, ಹಾಗಾಗಿ ಹಸಿಯಲ್ಲಿ 32–34 ಕಿಲೋ ತನ್ನಿ. ಅಕ್ಕಿ 45 ಕಿಲೋ.

ಒಂದು ಕಿಲೋ ಕೊಯ್ದ ಬಂಗಡೆಗೆ ಮಸಾಲೆ: ಬ್ಯಾಡಗಿ 25 ಗ್ರಾಂ, ಗುಂಟೂರು 8, ಕೊತ್ತಂಬರಿ ಬೀಜ 10, ಕಾಳುಮೆಣಸು 3, ಅರಿಶಿನ 3, ಬೆಳ್ಳುಳ್ಳಿ 15, ಹುಣಸೆ 20, ಉಪ್ಪು 18 ಗ್ರಾಂ. ನೀರು 40 ಮಿಲಿ ಮೀರಬಾರದು. ಕಾವಲಿಯಲ್ಲಿ ಮಸಾಲೆ ಕಳಚಿ ಮೀನು ಬೋಳಾಗೋದಕ್ಕೆ ಮೂರು ಕಾರಣ: ಮಸಾಲೆ ನೀರಾಗಿದೆ, ತೊಳೆದ ಮೀನು ಸೋರಿಲ್ಲ, ಇಲ್ಲವೇ ಕಾವಲಿ ಕಾದಿಲ್ಲ. ಮೀನನ್ನು ಓರೆಯಾಗಿಟ್ಟ ಜರಡಿಯಲ್ಲಿ ಐಸಿನ ಮೇಲೇ 20 ನಿಮಿಷ ಸೋರಲು ಬಿಡಿ, ಆಮೇಲೆ ಮಸಾಲೆ ಹಚ್ಚಿ ಅರ್ಧ ತಾಸು ತಣ್ಣಗೆ ಇಡಿ. ಉಪ್ಪು ಹಾಕಿ ನಾಲ್ಕು ತಾಸು ಇಟ್ಟರೆ ಮೀನು ಮತ್ತೆ ನೀರು ಬಿಡುತ್ತದೆ, ಹುಣಸೆಯ ಹುಳಿಗೆ ಮೇಲ್ಪದರ ಮೆತ್ತಗಾಗುತ್ತದೆ. ಆದ್ದರಿಂದ ಎಲ್ಲ 400ಕ್ಕೂ ಒಮ್ಮೆಲೇ ಹಚ್ಚಬೇಡಿ, ನೂರು ನೂರರಂತೆ ಹಚ್ಚಿ.

ಎರಡು ಅಡಿ ಅಗಲದ ಕಾವಲಿಯಲ್ಲಿ ಒಮ್ಮೆಗೆ 18 ಬಂಗಡೆ. ಒಂದೊಂದು ಮಗ್ಗಲು 4 ನಿಮಿಷ, ತೆಗೆದು ಒರೆಸಲು 2 ನಿಮಿಷ, ಅಂದರೆ ತಾಸಿಗೆ ಸುಮಾರು 110. ಜನ ಸಮಾ ಹಂಚಿಕೊಂಡು ಬರೋದಿಲ್ಲ. ಏಳರಿಂದ ಎಂಟರೊಳಗೆ ಅರ್ಧಕ್ಕರ್ಧ ಮಂದಿ ಬಂದು ನಿಲ್ಲುತ್ತಾರೆ. ಹಾಗಾಗಿ ಎರಡು ಕಾವಲಿ ಕಡ್ಡಾಯ, ಮೂರನೆಯದು ಕಾದು ನಿಂತಿರಲಿ. ಪ್ರತಿ ಸುತ್ತಿಗೂ ಕಾವಲಿಯ ಕರಕಲು ಕೆರೆದು ತೆಗೆಯಬೇಕು, ಇಲ್ಲದಿದ್ದರೆ ಐದನೇ ಸುತ್ತಿನ ಮೀನಿಗೆ ಕಹಿ ಹತ್ತುತ್ತದೆ.

ಅಂಬಟ್ ವಿಷಯದಲ್ಲಿ ಜಾಗ್ರತೆ. ತಲೆಗೆ 150 ಮಿಲಿ ಅಂದರೆ 60 ಲೀಟರ್, ಆರು ಜನಕ್ಕೆ ಒಂದು ಕಾಯಿಯಂತೆ 65–70 ತೆಂಗಿನಕಾಯಿ. ಬೆಳಿಗ್ಗೆಯೇ ಎಲ್ಲ ರುಬ್ಬಿಟ್ಟರೆ ಆ ಸೆಖೆಗೆ ಮಧ್ಯಾಹ್ನದ ಹೊತ್ತಿಗೇ ಹುಳಿ ವಾಸನೆ ಬರುತ್ತದೆ. ಮೆಣಸು, ಕೊತ್ತಂಬರಿ, ಮೆಂತೆ ಹುರಿದು ಪುಡಿ ಮಾಡಿ ಹಿಂದಿನ ದಿನ ಇಡಬಹುದು. ಕಾಯಿಯನ್ನು ಮಾತ್ರ ಮೂರು ಸಲ, 22ರಂತೆ, 3:30ಕ್ಕೆ, 5:30ಕ್ಕೆ, 7ಕ್ಕೆ ರುಬ್ಬಿ. 60 ಲೀಟರಿನ ಒಂದೇ ಹಂಡೆ ಕೂಡದು, ಅಡಿಯ ತಾರ್ಲೆ ಮೇಲಿನ ಭಾರಕ್ಕೇ ಪುಡಿಯಾಗುತ್ತದೆ. 15–20 ಲೀಟರಿನ ಅಗಲ ಬಾಯಿಯ ಪಾತ್ರೆಯಲ್ಲಿ ಸಾರು ಮೊದಲು ಕುದಿಸಿ, ಮೀನು ಹಾಕಿ 6–7 ನಿಮಿಷ. ಸೌಟು ಹಾಕಿ ತಿರುವಬೇಡಿ, ಎರಡೂ ಕಿವಿ ಹಿಡಿದು ಪಾತ್ರೆಯನ್ನೇ ಕುಲುಕಿಸಿ. ಹುಳಿಗೆ ಮುರುಗಲು (ಕೋಕಂ). ಪರಿಮಳಕ್ಕೆ ಹಾಕುವ ಜುಮ್ಮನಕಾಯಿಯ ಕರಿ ಬೀಜ ತೆಗೆದು ಸಿಪ್ಪೆ ಮಾತ್ರ ಜಜ್ಜಿ, ಇಳಿಸುವ ಎರಡು ನಿಮಿಷ ಮೊದಲು ಹಾಕಿ. ರುಬ್ಬುವಾಗ ಮಸಾಲೆಗೇ ಸೇರಿಸಿದರೆ ಇಡೀ ಪಾತ್ರೆ ಕಹಿ.

ಕಗ್ಗದ ಅಕ್ಕಿ ಕುಚ್ಚಿದ್ದಾದರೆ ಅಂಗಡಿಯ ಕುಚ್ಚಲಕ್ಕಿಗಿಂತ ನಿಧಾನ ಬೇಯುತ್ತದೆ. ಎರಡು ತಾಸು ನೆನೆಸಿ, ಬೇಯಲು ಒಂದು ತಾಸಿಗಿಂತ ಹೆಚ್ಚೇ ಲೆಕ್ಕ ಇಟ್ಟುಕೊಳ್ಳಿ. ಸಾಣಿಕಟ್ಟಾ ಆಗರದ ಉಪ್ಪು ಬಳಸುವುದಾದರೆ ಬಿಸಿನೀರಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಉಪ್ಪುನೀರಾಗಿ ಬಳಸಿ. ಹರಳಿನಲ್ಲಿ ಮಣ್ಣಿರುತ್ತದೆ.

ಉತ್ತರ 2: ತದಡಿ ಧಕ್ಕೆ

ಮೇಲಿನ ಲೆಕ್ಕದಲ್ಲಿ ಒಟ್ಟು 115–120 ಕಿಲೋ ಮೀನು. ಮೀನಿನಷ್ಟೇ ತೂಕದ ಐಸ್ ಅನ್ನೋದು ಧಕ್ಕೆಯ (ಮೀನು ಇಳಿಸುವ ಕಟ್ಟೆ) ರೂಢಿ, ಆದರೆ ಬಯಲಲ್ಲಿ ಐದು ತಾಸು ಪೆಟ್ಟಿಗೆ ತೆಗೆದು ಮುಚ್ಚಿ ಮಾಡುವಾಗ ಅದು ಸಾಲದು. 180–200 ಕಿಲೋ ತರಿಸಿ. ಪೆಟ್ಟಿಗೆಯ ಅಡಿಗೆ ನಾಲ್ಕು ಬೆರಳು ಪುಡಿ ಐಸ್, ಒಂದು ಪದರ ಮೀನು, ಮತ್ತೆ ಐಸ್. ಅಡಿಯ ತೂತಿನ ಬಿರಡೆ ತೆರೆದೇ ಇರಲಿ. ಕರಗಿದ ನೀರಲ್ಲಿ ಮುಳುಗಿದ ಮೀನು ಬಿಳಚಿ ಮೆತ್ತಗಾಗುತ್ತದೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಬಂಗಡೆ, ತಾರ್ಲೆ ಎರಡೂ ಹಿಸ್ಟಮಿನ್ ಎಂಬ ವಿಷ ಕಟ್ಟುವ ಜಾತಿ. ಬಿಸಿಲಲ್ಲಿ ಕೆಲವು ತಾಸು ಬಿದ್ದರೆ ಬ್ಯಾಕ್ಟೀರಿಯಾ ಮಾಂಸದ ಹಿಸ್ಟಿಡಿನ್ ಅನ್ನು ಹಿಸ್ಟಮಿನ್ ಮಾಡಿಬಿಡುತ್ತವೆ. ಆಮೇಲೆ ಎಷ್ಟು ಹುರಿದರೂ, ಎಷ್ಟು ಕುದಿಸಿದರೂ ಅದು ಹೋಗೋದಿಲ್ಲ, ಮತ್ತೆ ಐಸಲ್ಲಿಟ್ಟರೂ ಹೋಗೋದಿಲ್ಲ. ತಿಂದ ತಾಸಿನೊಳಗೇ ಮುಖ ಕೆಂಪಾಗಿ, ತಲೆ ಸಿಡಿದು, ಮೈ ತುರಿಸುತ್ತದೆ. ಮೀನು ನೋಡಲು ಚೆನ್ನಾಗಿಯೇ ಇರಬಹುದು. ಉಪಾಯ ಒಂದೇ, ದೋಣಿಯಿಂದ ಕಾವಲಿಯವರೆಗೆ 4 ಡಿಗ್ರಿ ದಾಟಬಾರದು. ಪ್ರತಿ ಪೆಟ್ಟಿಗೆಗೆ ಒಂದು ಥರ್ಮಾಮೀಟರ್, ಪ್ರತಿ ತಾಸಿಗೆ ಒಮ್ಮೆ ಬರೆದಿಡಲು ಒಬ್ಬ ಮನುಷ್ಯ. ಕೊಯ್ಯುವ ಮೇಜಿನ ಮೇಲೆ ಒಮ್ಮೆಗೆ 5 ಕಿಲೋಗಿಂತ ಹೆಚ್ಚು ಸುರಿಯಬೇಡಿ.

ಕೊಳ್ಳುವಾಗ ಅಳತೆಪಟ್ಟಿ ಹಿಡಿದೇ ಹೋಗಿ. ಕೇರಳದಲ್ಲಿ ಬಂಗಡೆಗೆ 14 ಸೆಂ.ಮೀ., ತಾರ್ಲೆಗೆ 10 ಸೆಂ.ಮೀ.ಗಿಂತ ಚಿಕ್ಕದನ್ನು ಹಿಡಿಯುವಂತಿಲ್ಲ ಎಂಬ ನಿಯಮವಿದೆ, ಅದನ್ನೇ ನಿಮ್ಮ ಗೆರೆ ಮಾಡಿಕೊಳ್ಳಿ. ಒಂದು ಹಲಗೆಯ ಮೇಲೆ ಆ ಎರಡು ಗೆರೆ ಎಳೆದು, ಅಂದಿನ ಮೀನು ಇಟ್ಟು, ಊಟದ ಸಾಲಿನ ಬಾಯಲ್ಲೇ ನಿಲ್ಲಿಸಿ. ಪರಿಸರ ಪಾಠಕ್ಕೆ ಹಣ ಕೂಡಿಸುವ ಮೇಳದ ಕಾವಲಿಯಲ್ಲಿ ಮರಿಮೀನು ಬೇಯುತ್ತಿದ್ದರೆ ಆ ಪಾಠಕ್ಕೆ ಬೆಲೆ ಎಲ್ಲಿಯದು?

ಏಡಿ ಬೇಡ ಅನ್ನೋದೇ ನನ್ನ ಅಭಿಪ್ರಾಯ. ಜೀವಂತ ಏಡಿ ಮಾತ್ರ ಅಡುಗೆಗೆ ಸೈ, 400 ಜನರಿಗೆ ಜೀವಂತ ಏಡಿ ಕಾಪಾಡೋದು ಬೇರೆಯದೇ ಕೆಲಸ. ಹಟ ಹಿಡಿದು ಇಡುವುದಾದರೆ ಹೊಟ್ಟೆಯಡಿ ಮೊಟ್ಟೆಯ ಗೊಂಚಲಿರುವುದನ್ನು ಕೊಳ್ಳಬೇಡಿ. ಎದೆಭಾಗ ಹೆಬ್ಬೆರಳಲ್ಲಿ ಒತ್ತಿದರೆ ತಗ್ಗುವಂಥದ್ದು ನೀರೇಡಿ, ಆಗಷ್ಟೇ ಚಿಪ್ಪು ಕಳಚಿದ್ದು, ಒಳಗೆ ಮಾಂಸವಿರೋದಿಲ್ಲ.

ಉತ್ತರ 3: ಭರತ_ಇಳಿತ

ಜಾಗದ ಮಾತು. ದಿನ ಗೊತ್ತುಮಾಡುವ ಮೊದಲು ಭರತ-ಇಳಿತದ ಪಟ್ಟಿ ನೋಡಿ. ಹುಣ್ಣಿಮೆ-ಅಮಾವಾಸ್ಯೆಯ ಆಸುಪಾಸಿನ ಭರತ ದಂಡೆಯ ಮೇಲೇರಿ ಬರುತ್ತದೆ, ಅಷ್ಟಮಿಯ ಸುತ್ತ ಏರಿಳಿತ ಸಣ್ಣದು. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಹಾಗಾಗಿ ಹಿಂದಿನ ವಾರ ಹೋಗಿ ನೋಡಿದ ನೀರಿನ ಮಟ್ಟ ನಂಬಿ ಚಪ್ಪರ ಹಾಕಬೇಡಿ. ದಂಡೆಯಲ್ಲಿ ಕಸಕಡ್ಡಿ, ಒಣಗಿದ ಕಾಂಡ್ಲದೆಲೆ ಗೆರೆಯಾಗಿ ನಿಂತಿರುತ್ತದಲ್ಲ, ಅದು ಈಚಿನ ದೊಡ್ಡ ಭರತ ಮುಟ್ಟಿದ ಎತ್ತರ. ಒಲೆ, ಗ್ಯಾಸ್, ವಿದ್ಯುತ್ ತಂತಿ ಎಲ್ಲವೂ ಆ ಗೆರೆಯಿಂದ ಮೇಲಕ್ಕೇ ಇರಬೇಕು.

ಗಾಳಿ: ಆ ತಿಂಗಳಲ್ಲಿ ಮಧ್ಯಾಹ್ನದಿಂದ ಸಂಜೆವರೆಗೆ ಕಡಲಗಾಳಿ, ಪಡುವಣದಿಂದ. ಒಲೆಗಳು ಮೂಡಣ ಬದಿಗೆ, ಕೂರುವ ಜಾಗ ಪಡುವಣಕ್ಕೆ. ಆಗ ಹೊಗೆ ಊಟದವರ ಮೇಲೆ ಬರೋದಿಲ್ಲ. ಹೊತ್ತು ಮುಳುಗಿ (ಸುಮಾರು 6:30) ಕೊಂಚ ಹೊತ್ತಿಗೆ ಗಾಳಿ ಬೀಳುತ್ತದೆ, ರಾತ್ರಿಯಾದಂತೆ ದಿಕ್ಕೂ ತಿರುಗುತ್ತದೆ. ಅದಕ್ಕೆ ಒಲೆಗೂ ಮೇಜಿಗೂ ನಡುವೆ ಹತ್ತು ಮೀಟರ್ ಆದರೂ ಬಿಡಿ. ಪ್ರತಿ ಒಲೆಗೆ ಮೂರು ಬದಿ ತಗಡು ಅಡ್ಡ ಇಡಿ, ಇಲ್ಲದಿದ್ದರೆ ಉರಿ ಒಂದೇ ಬದಿಗೆ ವಾಲಿ ಕಾವಲಿಯ ಅರ್ಧ ಭಾಗ ತಣ್ಣಗೇ ಉಳಿಯುತ್ತದೆ. ಮೀನು ಅಂಟುವುದು ಅಲ್ಲೇ.

ಗ್ಯಾಸ್: 19 ಕಿಲೋದ ವಾಣಿಜ್ಯ ಸಿಲಿಂಡರ್ ಮಾತ್ರ. ದೊಡ್ಡ ಒಲೆ ತಾಸಿಗೆ ಹೆಚ್ಚುಕಡಿಮೆ 1 ಕಿಲೋ ಕುಡಿಯುತ್ತದೆ. ಆರು ಒಲೆ, ಐದು ತಾಸು ಅಂದರೆ 30 ಕಿಲೋ. ಮೂರು ಸಿಲಿಂಡರ್ ತಂದಿಡಿ. ಹೊಯ್ಗೆಯ ಮೇಲೆ ನೇರ ನಿಲ್ಲಿಸಿದರೆ ವಾಲುತ್ತವೆ, ಅಡಿಗೆ ಹಲಗೆ ಕೊಡಿ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಎರಚಬಾರದು, ಪ್ರತಿ ಕಾವಲಿಯ ಪಕ್ಕ ಅದನ್ನು ಪೂರ್ತಿ ಮುಚ್ಚುವ ತಗಡಿನ ಮುಚ್ಚಳ ಇರಲಿ.

ಪರವಾನಗಿ: ಭರತದ ನೀರು ಬರುವ ಹೊಳೆಯ ದಂಡೆ ಕರಾವಳಿ ನಿಯಂತ್ರಣ ವಲಯಕ್ಕೆ ಸೇರುತ್ತದೆ. 2019ರ ಅಧಿಸೂಚನೆಯಂತೆ ಭರತರೇಖೆಯಿಂದ 50 ಮೀಟರ್, ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು. 1,000 ಚದರ ಮೀಟರಿಗಿಂತ ದೊಡ್ಡ ಕಾಂಡ್ಲವಿದ್ದರೆ ಅದರ ಸುತ್ತ 50 ಮೀಟರ್ ಅಂಚು ಬೇರೆ. ತಾತ್ಕಾಲಿಕ ಚಪ್ಪರವೇ ಆದರೂ ಪಂಚಾಯತಿ, ತಹಶೀಲ್ದಾರರ ಕಚೇರಿಯಲ್ಲಿ ಬರೆದು ಕೊಟ್ಟು ಒಪ್ಪಿಗೆ ಪಡೆಯಿರಿ, ಅಡುಗೆಯವರಿಗೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ನೋಂದಣಿ ಇರಲಿ. ಎಲ್ಲಕ್ಕೂ ಕನಿಷ್ಠ ಒಂದು ತಿಂಗಳು ಹಿಡಿಯಿರಿ. ದೀಪದ ಸರ ಕಾಂಡ್ಲದ ಮರಕ್ಕೆ ಕಟ್ಟಬೇಡಿ, ಸಂಜೆ ಹಕ್ಕಿಗಳು ಕೂರಲು ಬರುವುದು ಅಲ್ಲಿಗೇ.

ಕಸ: ಅಂದಾಜು 45 ಕಿಲೋ ಮೀನಿನ ತಲೆ-ಕರುಳು-ಸಿಪ್ಪೆ ಬೀಳುತ್ತದೆ. "ಹೊಳೆಯಿಂದ ಬಂದದ್ದು ಹೊಳೆಗೆ" ಅಂತ ಸುರಿಯುವವರು ಇದ್ದೇ ಇರುತ್ತಾರೆ, ತಡೆಯಲು ಒಬ್ಬರನ್ನು ಕಾಯಲು ನಿಲ್ಲಿಸಿ. ಅಷ್ಟು ಮಾಂಸ ಒಂದೇ ಕಡೆ ಕೊಳೆತರೆ ಅಲ್ಲಿನ ನೀರಿನ ಆಮ್ಲಜನಕ ಇಳಿಯುತ್ತದೆ, ಮರುದಿನ ನಾಯಿ-ಕಾಗೆಗಳ ಜಾತ್ರೆ. ಮುಚ್ಚಳದ ಡ್ರಮ್ಮಿನಲ್ಲಿ ಮೀನಿನ ಕಸದಷ್ಟೇ ತೂಕದ ಜೋನಿಬೆಲ್ಲ ಬೆರೆಸಿ ತಿಂಗಳು ಬಿಟ್ಟರೆ ತೋಟಕ್ಕೆ ದ್ರವಗೊಬ್ಬರ, ಲೀಟರ್ ನೀರಿಗೆ 5 ಮಿಲಿ. ಡ್ರಮ್ಮಿನ ಮೇಲ್ಭಾಗ ಕಾಲುಭಾಗ ಖಾಲಿ ಬಿಡಿ, ಮುಚ್ಚಳ ಬಿಗಿಯಬೇಡಿ, ಗಾಳಿ ಕಟ್ಟಿ ಉಕ್ಕುತ್ತದೆ. ಅಷ್ಟು ಬೆಲ್ಲ ದುಬಾರಿಯಾದರೆ ತೆಂಗಿನ ನಾರಿನ ಪುಡಿಯೊಂದಿಗೆ ಒಂದಕ್ಕೆ ಮೂರರಂತೆ ಗುಂಡಿಗೊಬ್ಬರ. ಉಳಿದ ಎಣ್ಣೆ ಮರುಬಳಕೆಗೂ ಬೇಡ, ಹೊಳೆಗೂ ಬೇಡ. ಬಳಸಿದ ಎಣ್ಣೆ ಸಂಗ್ರಹಿಸಿ ಬಯೋಡೀಸೆಲ್‌ಗೆ ಒಯ್ಯುವವರಿಗೆ ಕೊಡಿ.

ತಟ್ಟೆ: ಸ್ಟೀಲ್ ತಟ್ಟೆ ಬಾಡಿಗೆಗೆ ತನ್ನಿ. 20 ರೂಪಾಯಿ ಠೇವಣಿ, ತಟ್ಟೆ ಮರಳಿಸಿದರೆ ವಾಪಸ್. ತೊಳೆದ ನೀರು ನೇರ ಹೊಳೆಗಿಳಿಯದಂತೆ ಭರತದ ಗೆರೆಯಿಂದ ಮೇಲೆ ಇಂಗುಗುಂಡಿ ತೋಡಿ.

ಹೊಳೆಸಾಲು (ಪ್ರಶ್ನೆ ಕೇಳಿದವರು)

ಬಹಳ ಉಪಕಾರವಾಯಿತು. ಪಟ್ಟಿ ಐದಕ್ಕಿಳಿಯಿತು. ಆದರೆ ಬಳಚು ಬಿಡಲು ಮನಸ್ಸಿಲ್ಲ. ಅಘನಾಶಿನಿ ಅಂದರೆ ಬಳಚು, ಅದನ್ನು ಆರಿಸಿ ಬದುಕುವ ಹೆಂಗಸರಿಗೂ ಮೇಳದಲ್ಲಿ ಜಾಗ ಬೇಕು.

ಉತ್ತರ 4: ಗಜನಿಕಟ್ಟು

ಬಳಚು ಊಟದ ತಟ್ಟೆಗೆ ಬೇಡ. ಚಿಪ್ಪು ಕಳೆದರೆ ತೂಕದ ಹತ್ತರಲ್ಲಿ ಒಂದು ಪಾಲು ಮಾಂಸ ಸಿಕ್ಕಿದರೆ ದೊಡ್ಡದು. 400 ಜನರಿಗೆ 30 ಗ್ರಾಂ ಹಿಡಿದರೂ ನೂರಿಪ್ಪತ್ತು ಕಿಲೋ ಚಿಪ್ಪು ಒಂದೇ ದಿನ ಹೊಳೆಯಿಂದ ತೆಗೆಯಬೇಕು. ಮೇಲಾಗಿ ತಿಂಗಳು ನೋಡಿ. ಕೇರಳದ ಅಷ್ಟಮುಡಿಯಲ್ಲಿ ಇದೇ ಬಳಗದ ಹಳದಿಪಾದದ ಚಿಪ್ಪು ಮರಿಮಾಡುವ ಹೊತ್ತೆಂದು ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಆರಿಸುವುದನ್ನೇ ನಿಲ್ಲಿಸುತ್ತಾರೆ, ಬಲೆಯ ಕಣ್ಣು 30 ಮಿ.ಮೀ.ಗಿಂತ ಚಿಕ್ಕದಿರುವಂತಿಲ್ಲ. ಅಂಥ ಕಟ್ಟುಪಾಡು ಇದ್ದುದರಿಂದಲೇ 2014ರಲ್ಲಿ ಆ ಚಿಪ್ಪುಗಾರಿಕೆಗೆ ಸುಸ್ಥಿರ ಮೀನುಗಾರಿಕೆಯ ಎಂಎಸ್‌ಸಿ ಪ್ರಮಾಣಪತ್ರ ಸಿಕ್ಕಿತು, ಭಾರತದಲ್ಲಿ ಮೊದಲನೆಯದು. ನಮ್ಮ ಹೊಳೆಯಲ್ಲಿ ಜಾತಿ ಹಲವು, ಒಂದೊಂದರ ಕಾಲ ಒಂದೊಂದು. ಈಗ ಯಾವುದು ತುಂಬಿದೆ, ಯಾವುದು ಬಿಡಬೇಕು ಅನ್ನೋದನ್ನು ಆರಿಸುವ ಹೆಂಗಸರನ್ನೇ ಕೇಳಿ ಗೊತ್ತುಮಾಡಿ.

ಊಟಕ್ಕಲ್ಲ, ತೋರಿಸಲು ಇಡಿ. 10 ಕಿಲೋ ಸಾಕು. 30 ಮಿ.ಮೀ. ಕಣ್ಣಿನ ಜರಡಿಯಲ್ಲಿ ಮಕ್ಕಳ ಎದುರೇ ಜಾಲಿಸಿ, ಕೆಳಗಿಳಿದ ಸಣ್ಣದನ್ನು ಜೀವಂತ ಹೊಳೆಗೆ ಬಿಡಿ. ದೊಡ್ಡದನ್ನು ಅಲ್ಲೇ ಬೇಯಿಸಿ ಎರಡೆರಡು ರುಚಿಗೆ ಕೊಡಿ. ಆ ಮಳಿಗೆಗೆ ಆರಿಸುವವರನ್ನೇ ದಿನಗೂಲಿ ಕೊಟ್ಟು ಕೂರಿಸಿ, ಮಾತಾಡುವವರು ಅವರೇ ಆಗಲಿ.

ಹೊಯ್ಗೆ ಬಿಡಿಸೋದಕ್ಕೆ ಸಿಹಿನೀರು ಹಾಕಬಾರದು. ಚಿಪ್ಪು ಬಿಗಿಯಾಗಿ ಮುಚ್ಚಿಕೊಂಡು ಹೊಯ್ಗೆ ಒಳಗೇ ಉಳಿಯುತ್ತದೆ, ಕೊನೆಗೆ ಸಾಯುತ್ತದೆ. ಆರಿಸಿದ ಜಾಗದ ನೀರಿನಷ್ಟೇ ಉಪ್ಪಿರುವ ಶುದ್ಧ ನೀರು, ಅಡಿಯಿಂದ ಎತ್ತರಿಸಿದ ಜಾಲರಿಯ ಮೇಲೆ ಎರಡೇ ಪದರ ಬಳಚು, ಗಾಳಿಯಾಡಿಸಲು ಅಕ್ವೇರಿಯಂ ಪಂಪು, ನಡುವೆ ಎರಡು ಮೂರು ಸಲ ನೀರು ಬದಲು, ಒಟ್ಟು 24 ತಾಸು. ಜಾಲರಿ ಇಲ್ಲದಿದ್ದರೆ ಉಗುಳಿದ ಹೊಯ್ಗೆಯನ್ನು ಮತ್ತೆ ಎಳೆದುಕೊಳ್ಳುತ್ತದೆ. ಬೇಯಿಸುವ ಮುಂಚೆ ಬಾಯಿ ತೆರೆದದ್ದನ್ನು ತಟ್ಟಿ ನೋಡಿ, ಮುಚ್ಚದಿದ್ದರೆ ಸತ್ತದ್ದು, ಎಸೆಯಿರಿ. ಬೆಂದ ಮೇಲೆ ತೆರೆಯದ್ದನ್ನೂ ಎಸೆಯಿರಿ.

ಒಂದು ಎಚ್ಚರಿಕೆ. ಹೊಳೆನೀರು ಕೆಂಪಾಗಿಯೋ ದಟ್ಟ ಹಸಿರಾಗಿಯೋ ಕಂಡ ವಾರ ಬಳಚು ತೋರಿಸಲೂ ಬೇಡ, ತಿನ್ನಲೂ ಬೇಡ. ಚಿಪ್ಪುಗಳು ನೀರು ಸೋಸಿ ತಿನ್ನುವಾಗ ಪಾಚಿಯ ವಿಷ ಮಾಂಸದಲ್ಲಿ ಕೂಡಿಕೊಳ್ಳುತ್ತದೆ, ಬೇಯಿಸಿದರೂ ಹೋಗುವುದಿಲ್ಲ, 24 ತಾಸಿನ ನೆನೆಸುವಿಕೆಗೂ ಬಗ್ಗುವುದಿಲ್ಲ. ಮಂಗಳೂರಿನ ದಕ್ಷಿಣದ ಕುಂಬಳೆ ಅಳಿವೆಯ ಚಿಪ್ಪಿನಿಂದ 1983ರಲ್ಲಿ ಹೀಗೆ ವಿಷಬಾಧೆ ಆದದ್ದು ದಾಖಲಾಗಿದೆ.

ಉತ್ತರ 5: ರಸೀದಿಪುಸ್ತಕ

ಹಣದ ಲೆಕ್ಕ. ಕೂಪನ್ 300 ರೂಪಾಯಿ ಅಂದರೆ 400ಕ್ಕೆ 1,20,000. ಇಂದಿನ ದರವನ್ನು ನೀವೇ ಧಕ್ಕೆಯಲ್ಲಿ ಕೇಳಿ ಹಾಕಿಕೊಳ್ಳಿ, ಸದ್ಯ ಉದಾಹರಣೆಗೆ ಮೀನು 27,000, ಅಕ್ಕಿ-ಕಾಯಿ-ಮಸಾಲೆ 15,000, ಎಣ್ಣೆ 5,000, ಗ್ಯಾಸ್ 6,000, ಐಸ್ 2,000, ತಟ್ಟೆ ಬಾಡಿಗೆ ಮತ್ತು ತೊಳೆಯುವ ಕೂಲಿ 8,000, ಚಪ್ಪರ-ದೀಪ 20,000 ಎಂದು ಹಿಡಿಯೋಣ. ಒಟ್ಟು 83,000, ಉಳಿಕೆ 37,000. ಚಪ್ಪರ-ದೀಪವನ್ನು ಯಾರಾದರೂ ವಹಿಸಿಕೊಂಡರೆ ಉಳಿಕೆ 57,000. ನೂರು ಕೂಪನ್ ಮಾರಾಟವಾಗದಿದ್ದರೆ 30,000 ಹೋಯಿತು, ಮೀನು ಮಾತ್ರ ಆಗಲೇ ತಂದಾಗಿರುತ್ತದೆ. ಆದ್ದರಿಂದ ಮುಂಗಡ ಕೂಪನ್ ಮಾತ್ರ ಮಾರಿ, ಮೂರು ದಿನ ಮೊದಲು ಮುಚ್ಚಿ, ಅಷ್ಟಕ್ಕೇ ಮೀನು ಹೇಳಿ. ಅಂದೇ ಬಂದವರಿಗೆ ಹತ್ತು ಪಾಲಿಗೆ ಒಂದು ಪಾಲು ಹೆಚ್ಚುವರಿ ಸಾಕು.

ಊಟದ ಕೂಪನ್‌ಗೆ ಆದಾಯತೆರಿಗೆ ವಿನಾಯಿತಿಯ (80ಜಿ ಎನ್ನುವ) ರಸೀದಿ ಕೊಡಬೇಡಿ. ಊಟ ಕೊಟ್ಟು ಪಡೆದ ಹಣ ದೇಣಿಗೆಯಲ್ಲ. ಬೇರೆ ದೇಣಿಗೆ ಪೆಟ್ಟಿಗೆ, ಬೇರೆ ಪುಸ್ತಕ ಇಡಿ, 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಆ ವಿನಾಯಿತಿ ಸಿಗೋದಿಲ್ಲ ಅಂತ ಕೊಡುವವರಿಗೆ ಮೊದಲೇ ಹೇಳಿ.

ಖರ್ಚು ಮಾಡುವಾಗ ಟೀ-ಶರ್ಟು, ಫ್ಲೆಕ್ಸಿಗೆ ಒಂದು ಪೈಸೆಯೂ ಬೇಡ. ಶಾಲೆಗೊಂದು ಪೆಟ್ಟಿಗೆ ಕಟ್ಟಿ. ಉಪ್ಪಿನಂಶ ನೋಡುವ ರಿಫ್ರಾಕ್ಟೋಮೀಟರ್ ಒಂದು, ಕೈಮಸೂರ ಹತ್ತು, ಪಿಎಚ್ ಪಟ್ಟಿ, ಪಿವಿಸಿ ಪೈಪಿನಲ್ಲಿ ಮಾಡಿದ 50 ಸೆಂ.ಮೀ. ಚೌಕಟ್ಟು (ಕೆಸರಿನ ಮೇಲಿಟ್ಟು ಒಳಗಿನ ಏಡಿಬಿಲ, ಚಿಪ್ಪು, ಕಾಂಡ್ಲದ ಮೊಳಕೆ ಎಣಿಸಲು), ಮತ್ತೆ ನೀರಿನ ಕದಡು ಅಳೆಯುವ ಸೆಕ್ಕಿ ತಟ್ಟೆ. ಸೆಕ್ಕಿ ತಟ್ಟೆಯನ್ನು ಮಕ್ಕಳೇ ಮಾಡಬಹುದು: 20 ಸೆಂ.ಮೀ. ತಗಡಿನ ಬಿಲ್ಲೆ, ನಾಲ್ಕು ಭಾಗ ಮಾಡಿ ಎದುರುಬದುರಿಗೆ ಕಪ್ಪು-ಬಿಳಿ ಬಣ್ಣ, ನಡುವೆ ತೂತು, ಕೆಳಗೆ ಭಾರ, 10 ಸೆಂ.ಮೀ.ಗೊಂದು ಗಂಟು ಹಾಕಿದ ಹಗ್ಗ. ದೋಣಿಯ ನೆರಳಿನ ಬದಿ ಇಳಿಸಿ, ಕಣ್ಣಿಗೆ ಮರೆಯಾದ ಆಳ ಮತ್ತು ಎಳೆಯುವಾಗ ಮತ್ತೆ ಕಂಡ ಆಳ, ಎರಡರ ಸರಾಸರಿ ಬರೆಯಬೇಕು. ಫೆಬ್ರವರಿಯಲ್ಲೊಮ್ಮೆ, ಮಳೆಗಾಲ ಕಳೆದೊಮ್ಮೆ ಅದೇ ಜಾಗದಲ್ಲಿ ಅಳೆದರೆ ಉಪ್ಪು ಮತ್ತು ಕದಡು ಹೇಗೆ ಬದಲಾಗುತ್ತದೆ ಅಂತ ಮಕ್ಕಳ ಕೈಬರಹದಲ್ಲೇ ಸಿಗುತ್ತದೆ.

ಕಾಂಡ್ಲಕ್ಕೆ ಹೋಗುವುದು ಇಳಿತಕ್ಕೆ ಒಂದು ತಾಸು ಮೊದಲಿಂದ ಒಂದು ತಾಸು ಆಮೇಲಿನವರೆಗೆ ಮಾತ್ರ. ದೋಣಿಯಲ್ಲಿ ಪ್ರತಿ ಮಗುವಿಗೂ ಲೈಫ್ ಜಾಕೆಟ್, ಎಂಟು ಮಕ್ಕಳಿಗೊಬ್ಬ ದೊಡ್ಡವರು, ಹಗ್ಗ ಬಿಗಿದ ಬೂಟು. ಚಪ್ಪಲಿಯನ್ನು ಕೆಸರು ಎಳೆದುಕೊಳ್ಳುತ್ತದೆ, ಬರಿಗಾಲಿಗೆ ಚಿಪ್ಪು ಕೊಯ್ಯುತ್ತದೆ. ಉಪ್ಪಟ್ಟಿ ಮರದ ಸುತ್ತ ಪೆನ್ಸಿಲಿನಂತೆ ಮೇಲೆದ್ದ ಉಸಿರುಬೇರುಗಳ ಮೇಲೆ ಮೂವತ್ತು ಮಕ್ಕಳು ನಡೆದರೆ ಮುರಿಯುತ್ತವೆ. ಅಂಚಲ್ಲೇ ನಿಲ್ಲಿಸಿ, ಐದೈದು ಮಂದಿಯಂತೆ ಒಳಗೆ ಬಿಡಿ.

ದೊಡ್ಡಬಾಣಲೆ

ಒಂದು ತಿದ್ದುಪಡಿ. ಮೇಲೆ ಮೂರು ಸಿಲಿಂಡರ್ ಅಂದಿದ್ದಾರೆ, ಅದರಲ್ಲಿ ಕಗ್ಗದ ಅನ್ನ ಸೇರಿಲ್ಲ ಅಂತ ಕಾಣುತ್ತದೆ. 45 ಕಿಲೋ ಕುಚ್ಚಲಕ್ಕಿ ಬೇಯಲು ಎರಡು ದೊಡ್ಡ ಒಲೆ ಮಧ್ಯಾಹ್ನ ಎರಡಕ್ಕೇ ಹತ್ತಬೇಕು. ನಾಲ್ಕನೆಯದೊಂದು ಹೇಳಿಡಿ. ಗಂಜಿ ಬಸಿದದ್ದನ್ನು ಚೆಲ್ಲಬೇಡಿ, ಉಪ್ಪು ಹಾಕಿ ಸಂಜೆ ಕೆಲಸದವರಿಗೆ ಕೊಡಿ, ಒಲೆಯ ಮುಂದೆ ಐದು ತಾಸು ನಿಲ್ಲುವವರಿಗೆ ಅದೇ ತಂಪು.